ಬಣ್ಣದ ಪೆಟ್ಟಿಗೆ ಮತ್ತು ಅವ್ವನ ಅರಿಶಿನ

ಹೋದ ತಿಂಗಳು ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯವರು ತಮ್ಮ ಪ್ರಯೋಗಶಾಲೆ ನೋಡಲು ನನ್ನನ್ನು ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ವರ ಮುಂದೆ ಕೂರಿಸಿ, ಚಹಾ ಕೊಟ್ಟು, ಒಂದು ಯಂತ್ರ ತೋರಿಸಿದರು. ಗುಂಡಿ ಒತ್ತಿದರೆ ಅದರಿಂದ ಬೇಕಾದ ಬಣ್ಣದ ಬೆಳಕು ಬರುತ್ತದೆ. ಬೆಳಕಿನ ದಾರಿಯಲ್ಲಿ ಔಷಧದ ನೀರು ಇಟ್ಟರೆ, ಯಾವ ಬಣ್ಣವನ್ನು ಅದು ಎಷ್ಟು ನುಂಗಿತು ಎಂದು ಕಾಗದದ ಮೇಲೆ ತಾನೇ ಗೆರೆ ಎಳೆಯುತ್ತದೆ. ನಾನು ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿ ಬಂದು ಕೇಳಿದೆ: "ಇದರ ಹೊಟ್ಟ್ಯಾಗ ಯಾರೂ ಎಣ್ಣಿ ಹಚ್ಚಿಲ್ಲ ಹೌದಲ್ಲೋ?"

ನಾಲ್ವರೂ ನಕ್ಕರು. ಮುದುಕನಿಗೆ ಅರವತ್ತಕ್ಕೇ ಅರಳು ಮರಳು ಎಂದುಕೊಂಡಿರಬೇಕು. ಅವರಲ್ಲಿ ರೇಣುಕಾ ಎಂಬ ಹುಡುಗಿ ಮಾತ್ರ ನಗು ಮುಗಿಸಿ, "ಯಾಕ ಹಂಗ ಕೇಳಿದ್ರಿ ಅಜ್ಜಾರ?" ಎಂದಳು. ಅಲ್ಲಿ ನಿಂತು ಹೇಳುವ ಮಾತಲ್ಲ ಎಂದು ಬರೆಯಲು ಕೂತಿದ್ದೇನೆ. ನನ್ನ ಬಡ್ತಿ, ವರ್ಗಾವಣೆ, ಸನ್ಮಾನದ ಶಾಲುಗಳ ಕಥೆ ಇದರಲ್ಲಿಲ್ಲ. ಶಾಲುಗಳನ್ನು ಆಗಲೇ ನುಸಿ ತಿಂದಿದೆ. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪಿನ ಕಥೆ ಇದು. ಕೆಲಸ ಎಂದರೇನು ಎಂದು ನನಗೆ ಕಲಿಸಿದ್ದೂ ಅದೇ.

ನಾನು ಔರಾದ ಕಡೆಯವನು. ಮನೆಯಲ್ಲಿ ಕುರಿ, ಮಳೆ ನಂಬಿದ ಹೊಲ. ಬೀದರಿನಲ್ಲಿ ಉರ್ದುವಿನಲ್ಲಿ ಓದಿ, ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಎರಡನೆಯ ವರ್ಷ, ತಿನ್ನುವ ಪದಾರ್ಥ ಪರೀಕ್ಷೆ ಮಾಡುವ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಸಹಾಯಕನಾಗಿ ಸೇರಿದೆ. ಕಚೇರಿ ಎಂದರೆ ಎರಡು ಖೋಲಿ, ಒಂದು ಮೇಜು, ಒಂದು ತಕ್ಕಡಿ, ಹತ್ತು ಹನ್ನೆರಡು ಬಾಟಲಿ. ರಾಜ್ಯಕ್ಕೆ ಇನ್ನೂ ಹೈದರಾಬಾದ್ ರಾಜ್ಯವೆಂದೇ ಹೆಸರು, ಆದರೆ ಗೋಡೆಯ ಮೇಲಿನ ಫೋಟೋ ಬದಲಾಗಿತ್ತು. ಬೆಳಿಗ್ಗೆ ಉರ್ದುವಿನಲ್ಲಿ ಬರೆದ ವರದಿಯನ್ನು ಮಧ್ಯಾಹ್ನ ಇಂಗ್ಲಿಷಿನಲ್ಲಿ ಮತ್ತೆ ಬರೆಯಬೇಕಿತ್ತು. ಹಳೆಯ ಸರ್ಕಾರದ ಕಾಲದಲ್ಲಿ ಸೇರಿದವರಲ್ಲಿ ಯಾರ ನೌಕರಿ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನನ್ನ ಮೇಲಿನವರು ದೇಶಪಾಂಡೆ ಸಾಹೇಬರು. ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ಕನ್ನಡ, ಕಾಗದದಲ್ಲಿ ಉರ್ದು, ಸಿಟ್ಟು ಬಂದಾಗ ಮೂರೂ. ಓದಿದವರು, ನೆಟ್ಟಗಿನವರು, ಆದರೆ ಆ ದಿನಗಳಲ್ಲಿ ಅವರಿಗೆ ಒಳಗೊಳಗೆ ಅಂಜಿಕೆ. ಟಪಾಲಿನವನು ಬಂದರೆ ಮೊದಲು ಲಕೋಟೆಯ ಬಣ್ಣ ನೋಡುತ್ತಿದ್ದರು.

ಆಗ ತೊಗರಿ ಬೇಳೆಗೆ ಹಳದಿ ಬಣ್ಣ ಹಾಕಿ ಮಾರುವ ಚಾಳಿ ಶುರುವಾಗಿತ್ತು. ಹುಳ ಹಿಡಿಯಬಾರದೆಂದು ಬೇಳೆಗೆ ಎಣ್ಣೆ, ಅರಿಶಿನ ಸವರುವುದು ನಮ್ಮ ಕಡೆಯ ಹಳೆಯ ಪದ್ಧತಿ. ಬಟ್ಟೆಗೆ ಹಾಕುವ ಬಣ್ಣವನ್ನು ಹಚ್ಚಿ ಮುಗ್ಗು ಬೇಳೆಯನ್ನು ಹೊಸದೆಂದು ಮಾರುವುದು ಹೊಸ ಕಳ್ಳತನ. ಆಸಿಡ್ ಹಾಕಿದರೆ ಒಂದು ಜಾತಿಯ ಬಣ್ಣ ಗುಲಾಬಿಯಾಗಿ ಸಿಕ್ಕಿಬೀಳುತ್ತಿತ್ತು. ಉಳಿದವು ಜಪ್ಪಯ್ಯ ಎನ್ನುತ್ತಿರಲಿಲ್ಲ. ಕಣ್ಣಿಗೆ ಎಲ್ಲ ಹಳದಿಯೂ ಒಂದೇ.

ಆದರೆ ಬೆಳಕಿಗೆ ಒಂದೇ ಅಲ್ಲ. ಬಿಳಿ ಬೆಳಕನ್ನು ಬಿಡಿಸಿ, ಕೆಂಪಿನಿಂದ ನೀಲಿಯ ಕಡೆಗೆ ಒಂದೊಂದೇ ಬಣ್ಣವನ್ನು ಹಳದಿ ನೀರಿನೊಳಗೆ ಬಿಟ್ಟು ನೋಡಿದರೆ, ಅರಿಶಿನ ಒಂದು ಕಡೆ ಬೆಳಕು ನುಂಗಲು ಶುರು ಮಾಡುತ್ತದೆ, ಕಳ್ಳ ಬಣ್ಣ ಇನ್ನೊಂದು ಕಡೆ. ಇದನ್ನು ನೋಡುವ ಯಂತ್ರ ಹೈದರಾಬಾದಿನಲ್ಲಿತ್ತು. ಅದು ಒಂದು ಮೇಜಿನ ತುಂಬ ಕೂರುವ ಯಂತ್ರ. ನಾವು ಕಳಿಸಿದ ಬೇಳೆ ಅಲ್ಲಿಗೆ ಮುಟ್ಟಿ ಉತ್ತರ ಬರುವಷ್ಟರಲ್ಲಿ ಊರವರು ಆ ಬೇಳೆ ಉಂಡು ಕೈ ತೊಳೆದಿರುತ್ತಿದ್ದರು.

ಒಂದು ದಿನ ಸಾಹೇಬರು, "ಬೀರಪ್ಪಾ, ಅಂಥಾದ್ದೊಂದು ಸಣ್ಣದು ಮಾಡ್ಬೇಕು ನೋಡು. ಬಗಲಾಗ ಹಿಡ್ಕೊಂಡು ಬಸ್ ಹತ್ತೂವಂಗ ಇರ್ಬೇಕು," ಎಂದರು.

"ಎಲ್ಲಿಂದ ತರೂದ್ರಿ ಸಾಮಾನು?"

"ಅದು ನನಗ ಕೇಳ್ತಿ? ಕುರಿ ಕಾದಾಂವ ನೀನು. ಕಳಕೊಂಡಿದ್ದು ಹುಡುಕೂದು ನಿನಗ ಗೊತ್ತು."

ಹುಡುಕಿದೆ. ಗುಜರಿಯಲ್ಲಿ ಪಲ್ಟನ್ನಿನವರು ಬಿಟ್ಟುಹೋದ ಒಂದು ಒಡೆದ ದುರ್ಬೀನು ಸಿಕ್ಕಿತು. ಅದರ ಹೊಟ್ಟೆಯಲ್ಲಿ ಮೂರು ಮೂಲೆಯ ಗಾಜು ಇರುತ್ತವೆ; ಬೆಳಕನ್ನು ಬಣ್ಣವಾಗಿ ಬಿಡಿಸಲು ಅದರಲ್ಲೊಂದು ಸಾಕು. ಭೂತಗಾಜುಗಳೂ ಅದರಿಂದಲೇ ಬಂದವು. ಬೆಳಕಿಗೆ ಮೋಟಾರಿನ ಬಲ್ಬು ಮತ್ತು ಬ್ಯಾಟರಿ. ಭೂಮಾಪನದವರು ಎಸೆದ ಒಂದು ಹಳೆಯ ಉಪಕರಣದಿಂದ ಸಣ್ಣ ಹಲ್ಲಿನ ತಿರುಪು ಬಿಚ್ಚಿಕೊಂಡೆ. ತಿರುಪು ತಿರುಗಿಸಿದರೆ ಗಾಜು ಕೂದಲೆಳೆಯಷ್ಟು ತಿರುಗಬೇಕು, ಸಣ್ಣ ಸೀಳಿನಿಂದ ಹೊರಬರುವ ಬಣ್ಣ ಬದಲಾಗಬೇಕು. ತಿರುಪಿನ ತಲೆಯ ಸುತ್ತ ಅರವತ್ತು ಗುರುತು ಕೊರೆದೆ. ಸೊನ್ನೆಯ ಕಡೆ ಕೆಂಪು, ಅರವತ್ತರ ಕಡೆ ನೇರಳೆ.

ತೊಂದರೆಯಾಗಿದ್ದು ಡಬ್ಬಿಯದು. ಒಳಗೆ ಎಲ್ಲಿಯೂ ಬೆಳಕು ಗೋಡೆಗೆ ಬಡಿದು ತಿರುಗಬಾರದು. ತಿರುಗಿದರೆ ಬೇಡದ ಬಣ್ಣ ಬೇಕಾದ ಬಣ್ಣದ ಜೊತೆ ಸೀಳಿನಿಂದ ಹೊರಗೆ ಬರುತ್ತದೆ. ತಗಡಿನ ಡಬ್ಬಿಗೆ ದೀಪದ ಮಸಿ ಹಿಡಿಸಿದೆ. ಬಸ್ಸಿನಲ್ಲಿ ಒಂದು ಸಲ ಎತ್ತಿಹಾಕಿದ್ದಕ್ಕೆ ಮಸಿಯೆಲ್ಲ ಉದುರಿ ಗಾಜಿನ ಮೇಲೆ ಕೂತಿತು. ಕರಿ ಬಣ್ಣ ಬಳಿದೆ, ಅದು ಹೊಸ ಬೂಟಿನಂತೆ ಹೊಳೆಯಿತು. ಹದಿನೈದು ದಿನ ಹೀಗೇ ಹೋದ ಮೇಲೆ ಬುದ್ಧಿ ಬಂತು. ಬೀದರಿನಲ್ಲಿ ಕೂತು ಕಪ್ಪು ಬಣ್ಣಕ್ಕೆ ಪರದಾಡುವುದು, ಬಾವಿ ಕಟ್ಟೆಯ ಮೇಲೆ ಕೂತು ಬಾಯಾರಿ ಸತ್ತಂತೆ.

ಬಿದರಿ ಕೆಲಸದ ಉಸ್ತಾದ್ ಮಹಬೂಬ್‌ಸಾಬರ ಅಂಗಡಿ ನಮ್ಮ ಕಚೇರಿಯಿಂದ ಎರಡು ಗಲ್ಲಿ ಆಚೆ. ಸತುವು, ತಾಮ್ರ ಕರಗಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿದ ನೀರಿನಲ್ಲಿ ಅದ್ದಿ ತೆಗೆದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಅವರು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಪೊಲೀಸ್ ಆ್ಯಕ್ಷನ್ನಿನ ಗಲಭೆಯಾದ ಮೇಲೆ ಅವರ ಗಲ್ಲಿಯಲ್ಲಿ ಅರ್ಧ ಬಾಗಿಲುಗಳಿಗೆ ಬೀಗ. ಅವರ ತಮ್ಮನ ಮನೆಗೂ ಬೀಗ. ತಮ್ಮ ಎಲ್ಲಿ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಎಲ್ಲರೂ ಹಾಗೆ ಕೇಳದೆಯೇ ಬದುಕುತ್ತಿದ್ದೆವು.

"ಹೂಬಳ್ಳಿ ಏನ್ ಬೇಕು ಡಬ್ಬಿ ಮ್ಯಾಲ?" ಉಸ್ತಾದರು ಕೇಳಿದರು.

"ಹೂ ಬ್ಯಾಡ್ರಿ ಉಸ್ತಾದ್. ಒಳಗ ಕಪ್ಪಾದ್ರ ಸಾಕು."

"ಒಳಗ?" ಅವರು ಕನ್ನಡಕದ ಮೇಲಿನಿಂದ ನೋಡಿದರು. "ನಲವತ್ತು ವರ್ಷದಾಗ ಒಳಗ ಕಪ್ಪು ಮಾಡು ಅಂತ ಕೇಳಿದಾಂವ ನೀನೊಬ್ನೇ ನೋಡು. ಆಗ್ಲಿ, ಮಾಡ್ತೇನಿ."

ಮಾಡಿದರು. ಎಂಥ ಕಪ್ಪು! ಕೈ ಹಾಕಿದರೆ ಕೈ ಕಾಣದಂಥ ಕಪ್ಪು. ಒರೆಸಿದರೂ ಹೋಗದು, ಕುಲುಕಿದರೂ ಉದುರದು. ಮಣ್ಣಿನ ನೀರಿನಿಂದ ತೆಗೆದು ಒಣಗಿಸಿದ್ದೇ ತಡ, ನಾನು ಡಬ್ಬಿ ಎತ್ತಿಕೊಂಡು ಹೊರಟೆ. "ಅರೇ ಠಹರೋ, ಇನ್ನಾ ಆಖ್ರಿ ಕೆಲಸ ಅದ," ಎಂದು ಅವರು ಹಿಂದಿನಿಂದ ಕೂಗಿದರು. ಆ ಕೊನೆಯ ಕೆಲಸ ಏನೆಂದು ಕೇಳುವ ಸಹನೆ ನನಗಿರಲಿಲ್ಲ. ಈ ಮಾತನ್ನು ನೆನಪಿಡಿ, ಕಥೆಯ ಬೇರು ಇಲ್ಲಿದೆ.

ಗಾಜು, ತಿರುಪು, ಸೀಳು ಕೂಡಿಸಿ ದೀಪ ಹಚ್ಚಿದೆ. ಕಣ್ಣಿಡುವ ತೂತಿನಲ್ಲಿ ಎರಡು ಅರ್ಧಚಂದ್ರ ಕಾಣುತ್ತಿದ್ದವು. ಎಡಗಡೆಯದು ಬರಿಯ ಸ್ಪಿರಿಟ್ ದಾಟಿ ಬಂದ ಬೆಳಕು, ಬಲಗಡೆಯದು ಹಳದಿ ಕರಗಿದ ಸ್ಪಿರಿಟ್ ದಾಟಿ ಬಂದದ್ದು. ತಿರುಪು ತಿರುಗಿಸುತ್ತ ಹೋದಂತೆ ಒಂದು ಗುರುತಿನಲ್ಲಿ ಬಲಗಡೆಯದು ಮಂಕಾಗುತ್ತದೆ. ಆ ಗುರುತೇ ಆ ಹಳದಿಯ ಜಾತಕ. ತಿರುಪಿನ ಹಲ್ಲು ಸ್ವಲ್ಪ ಸವೆದಿದ್ದರಿಂದ ಯಾವಾಗಲೂ ಕೆಂಪಿನ ಕಡೆಯಿಂದಲೇ ಬರಬೇಕು, ಹಿಂದೆ ಬಂದರೆ ಲೆಕ್ಕ ತಪ್ಪುತ್ತದೆ. ಗುರುತುಗಳು ಜಾರಿಲ್ಲ ಎಂದು ನೋಡಲು ಸ್ಪಿರಿಟ್ ದೀಪದ ಉರಿಗೆ ಒಂದು ಚಿಟಿಕೆ ಉಪ್ಪು ಎಸೆಯುತ್ತಿದ್ದೆ. ಉಪ್ಪಿನ ಹಳದಿ ಗೆರೆ ಹದಿನೆಂಟಕ್ಕೆ ಬಂದರೆ ಎಲ್ಲ ಸರಿ. ದಿನಾ ಬೆಳಿಗ್ಗೆ ಅದು ನನ್ನ ಸಂಧ್ಯಾವಂದನೆ.

ಇನ್ನು ನಮ್ಮ ಕಡೆಯ ಅರಿಶಿನವೆಲ್ಲ ಒಂದೇ ಗುರುತು ಕೊಡುತ್ತದೆಯೋ ನೋಡಬೇಕಿತ್ತು. ಪೆಟ್ಟಿಗೆ ಕಟ್ಟಿಕೊಂಡು ಔರಾದಕ್ಕೆ ಹೋದೆ. ಹಗಲಿನಲ್ಲಿ ನೋಡಲು ಕತ್ತಲೆ ಬೇಕಲ್ಲ. ಅವ್ವ ಕುರಿ ಉಣ್ಣೆಯ ಕರಿ ಕಂಬಳಿ ಕೊಟ್ಟಳು. ತಲೆಯ ಮೇಲೆ ಹೊದ್ದು ಕೂತರೆ ಅಮಾವಾಸ್ಯೆ. ಮನೆ ಮನೆಯಿಂದ ಅರಿಶಿನ ತರಿಸಿದೆ. ತಂದವರೆಲ್ಲ ತಾವೂ ನೋಡಬೇಕೆಂದು ಸಾಲು ಹಚ್ಚಿದರು. ಅವ್ವ ಎಲ್ಲರಿಗಿಂತ ಮೊದಲು ಕಂಬಳಿಯೊಳಗೆ ಹೊಕ್ಕಳು. ನಾನು ತಿರುಪು ತಿರುಗಿಸುತ್ತ ಹೋದೆ.

"ಬೀರ್ಯಾ, ಒಂದ್ ದೀವಿಗಿ ಹೊಟ್ಟ್ಯಾಗ ಇಷ್ಟ್ ಬಣ್ಣ ಇದ್ವೇನೋ? ಇಷ್ಟ ದಿನ ಯಾಕ ಹೇಳಿಲ್ಲ ನನಗ?" ಎಂದು ಒಳಗಿನಿಂದಲೇ ಕೇಳಿದಳು. ನಾನೇ ಮುಚ್ಚಿಟ್ಟಿದ್ದೆ ಎನ್ನುವ ಹಾಗೆ!

ಇಪ್ಪತ್ತು ಮನೆಯ ಅರಿಶಿನವೂ ಮೂವತ್ತೊಂದಕ್ಕೇ ಮಂಕಾಯಿತು. ಬಟ್ಟೆಯ ಬಣ್ಣ ಮೂವತ್ತಾರರ ಹತ್ತಿರ. ನಡುವೆ ಐದು ಗುರುತಿನ ಅಂತರ. ನನಗಾದ ಸಂತೋಷ ಹೇಳತೀರದು. ಅವ್ವ ತನ್ನ ಕೈಯಾರೆ ಕುಟ್ಟಿದ ಅರಿಶಿನವನ್ನು ಒಂದು ಬಾಟಲಿಯಲ್ಲಿ ತುಂಬಿ, ಬಟ್ಟೆ ಕಟ್ಟಿ ಕೊಟ್ಟಳು. "ಇಟ್ಕೋ, ಗಾಯ ಆದ್ರ ಹಚ್ಕೊಳ್ಳಾಕ ಬರ್ತದ," ಎಂದಳು. ನಾನು ಕಪಾಟಿನಲ್ಲಿಟ್ಟು ಮರೆತೆ.

ಬರುವಾಗ ಬಸ್ಸಿನ ಕುಲುಕಾಟಕ್ಕೆ ಡಬ್ಬಿಯ ಮುಚ್ಚಳದ ಕೀಲು ಸಡಿಲವಾಯಿತು. ಗಾಜುಗಳನ್ನು ಬಿಚ್ಚಿಟ್ಟು ಖಾಲಿ ಡಬ್ಬಿಯನ್ನು ಉಸ್ತಾದರಿಗೆ ಕೊಟ್ಟು ಬಂದೆ. ಎರಡು ದಿನದ ಮೇಲೆ ಕೀಲು ಗಟ್ಟಿಯಾಗಿ ಬಂತು. ಗಾಜು ಕೂಡಿಸಿದೆ, ಉಪ್ಪು ಎಸೆದೆ, ಹದಿನೆಂಟು. ಎಲ್ಲ ಸರಿ ಎಂದುಕೊಂಡೆ.

ಅದೇ ವಾರ ಭಾಲ್ಕಿಯಿಂದ ಸುದ್ದಿ ಬಂತು. ಅಲ್ಲಿನ ಒಂದು ವಸತಿ ಸಾಲೆಯಲ್ಲಿ ಮಕ್ಕಳಿಗೆ ವಾಂತಿ. ಬೇಳೆ ಕೊಡುತ್ತಿದ್ದವಳು ಸುಂದರಾಬಾಯಿ. ಸಾಯಗಾಂವದಿಂದ ಬಂದು ಭಾಲ್ಕಿಯಲ್ಲಿ ನೆಲೆಸಿದ ಹೆಂಗಸು, ಗಂಡ ಇರಲಿಲ್ಲ. ಇನ್ನೂ ಆರು ಹೆಂಗಸರನ್ನು ಕೂಡಿಸಿಕೊಂಡು ಬೀಸುಕಲ್ಲಿನಲ್ಲಿ ತೊಗರಿ ಒಡೆದು ಮಾರುತ್ತಿದ್ದಳು. ಏಳು ಮನೆಯ ಒಲೆ ಆ ಕಲ್ಲಿನ ಮೇಲೆ ನಡೆಯುತ್ತಿತ್ತು. ಬೇಳೆ ಹಳದಿ ಢಾಳಾಗಿದೆ, ಬಣ್ಣ ಹಾಕಿರಬೇಕು ಎಂದು ಯಾರೋ ಹೇಳಿದ್ದರು.

ಪೆಟ್ಟಿಗೆಗೆ ಅದು ಮೊದಲ ನಿಜವಾದ ಕೆಲಸ. ನಾನು ರೈಲು ಹತ್ತಿ ಹೋದೆ, ಸುಂದರಾಬಾಯಿಯ ಅಂಗಳದಲ್ಲೇ ಕಂಬಳಿ ಹೊದ್ದು ಕೂತೆ. ಅವಳು ಪಕ್ಕದಲ್ಲಿ ಸೆರಗು ಸೊಂಟಕ್ಕೆ ಕಟ್ಟಿ ನಿಂತಿದ್ದಳು.

"ಸಾಹೇಬ್ರ, ಮೊದ್ಲ ಆ ಸಾಲ್ಯಾಗಿನ ಭಾಂಡಿ ನೋಡ್ರಿ. ಕಲಾಯಿ ಹೋಗಿ ಯಾವ ಕಾಲ ಆಗ್ಯದೋ. ಅದರಾಗ ಹುಣಸಿ ಹುಳಿ ಕುದಸ್ತಾರ," ಎಂದಳು.

"ಭಾಂಡಿ ನೋಡೂದು ನಮ್ಮ ಕೆಲಸ ಅಲ್ರಿ, ಬಾಯಿ," ಎಂದೆ ನಾನು, ಕಂಬಳಿಯೊಳಗಿನಿಂದ. ಇಪ್ಪತ್ತೊಂದು ವರ್ಷದವನ ಗತ್ತು!

ಅವಳ ಬೇಳೆ ತೊಳೆದ ಹಳದಿ ಸ್ಪಿರಿಟ್ ಮೂವತ್ತೊಂದರಲ್ಲಿ ಮಂಕಾಗಲಿಲ್ಲ. ಮೂವತ್ತೆರಡು, ಮೂವತ್ಮೂರು, ಇಲ್ಲ. ಮೂವತ್ತೈದಕ್ಕೆ ಆಯಿತು. ಮೂರು ಸಲ ನೋಡಿದೆ, ಮೂರು ಸಲವೂ ಕೆಂಪಿನಿಂದಲೇ ಬಂದೆ. ಅದೇ ಮೂವತ್ತೈದು. ಉಪ್ಪು ಎಸೆದು ನೋಡಿದೆ, ಹದಿನೆಂಟು. ಇನ್ನೇನು ಬೇಕು? "ಅರಿಶಿನವಲ್ಲ, ಅನ್ಯ ಬಣ್ಣ" ಎಂದು ಬರೆದೆ. ಸಾಹೇಬರು ಸಹಿ ಹಾಕಿದರು. ಮಾರನೆಯ ದಿನ ಭಾಲ್ಕಿಯ ಬಜಾರಿನಲ್ಲಿ ಹಲಗೆ ಬಾರಿಸಿ ಡಂಗುರ ಸಾರಿದರು: ಸುಂದರಾಬಾಯಿಯ ಬೇಳೆಯಲ್ಲಿ ಬಣ್ಣ ಇದೆ, ಯಾರೂ ಕೊಳ್ಳಬಾರದು. ಬೀಸುಕಲ್ಲು ನಿಂತಿತು. ಇತ್ತ ನಾನು ಬೀದರಿನಲ್ಲಿ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಸುಂದರಾಬಾಯಿ ರೈಲು ಹತ್ತಿ ನೇರ ಕಚೇರಿಗೆ ಬಂದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ನಿಂತೆ. ಅವಳು ಎರಡನ್ನೂ ಮಾಡಲಿಲ್ಲ. ಮೇಜಿನ ಮೇಲಿನ ತಕ್ಕಡಿಯನ್ನು ನೋಡಿ, ಬೆರಳು ತೋರಿಸಿದಳು.

"ತಮ್ಮಾ, ಬಾಜಾರದಾಗ ತೂಕ ಮಾಡೂಕಿಂತ ಮೊದ್ಲ ನಾವ ಏನ್ ಮಾಡ್ತೀವಿ?"

"ಖಾಲಿ ತಕ್ಕಡಿ ಎತ್ತಿ ತೋರಸ್ತೀರಿ."

"ಯಾಕ?"

"ಎರಡೂ ಕಡಿ ಸಮ ಅದ ಅಂತ ಗಿರಾಕಿಗೆ ಗೊತ್ತಾಗ್ಲಿ ಅಂತ."

"ನೀ ನನ್ನ ಅಂಗಳದಾಗ ಕುಂತು ತುಂಬಿದ ತಕ್ಕಡಿ ಎತ್ತಿದಿ. ಖಾಲಿದು ಎತ್ತಿ ತೋರಿಸ್ಲಿಲ್ಲ. ನಿನಗ ಖರೆ ಅನ್ನಸೂ ಅರಿಷಿಣ ಯಾವುದದ, ಅದನ್ನ ಮೊದ್ಲ ಆ ಡಬ್ಬ್ಯಾಗ ಇಟ್ಟು ತೋರಿಸು. ಆಮ್ಯಾಗ ನನಗ ಕಳ್ಳಿ ಅನ್ನು."

ನನಗೆ ಸಿಟ್ಟು ಬಂತು. ಓದು ಬಾರದ ಹೆಂಗಸು ನನಗೆ ಕೆಲಸ ಹೇಳಿಕೊಡುವುದೇ? ತೋರಿಸಿಯೇ ಬಿಡುತ್ತೇನೆ ಎಂದು ಕಪಾಟಿನಿಂದ ಅವ್ವನ ಬಾಟಲಿ ತೆಗೆದೆ. ಸ್ಪಿರಿಟ್ಟಿನಲ್ಲಿ ಕರಗಿಸಿ, ಹಳದಿಯ ಗಾಢತೆ ಸರಿ ಮಾಡಿ, ಕಂಬಳಿ ಹೊದ್ದೆ. ಮೂವತ್ತೊಂದು. ಮಂಕಾಗಲಿಲ್ಲ. ನನ್ನ ಕಣ್ಣಿನ ದೋಷ ಇರಬೇಕೆಂದು ಕಣ್ಣು ಉಜ್ಜಿಕೊಂಡೆ. ಮೂವತ್ಮೂರು. ಇಲ್ಲ. ಮೂವತ್ತೈದು.

ನನ್ನ ಪೆಟ್ಟಿಗೆ ನನ್ನ ಅವ್ವನನ್ನೇ ಕಳ್ಳಿ ಎನ್ನುತ್ತಿತ್ತು.

ಹೊರಗೆ ಬಂದಾಗ ನನ್ನ ಮುಖ ನೋಡಿಯೇ ಸುಂದರಾಬಾಯಿಗೆ ತಿಳಿಯಿತು. ಅವಳು ಗೋಡೆಗೆ ಆತು ಕೂತಳು. ನಾನು ಡಬ್ಬಿ ಬಿಚ್ಚಿದೆ. ಬಿಸಿಲಿಗೆ ಹಿಡಿದೆ. ಒಳಗಿನ ಕಪ್ಪು ಹೊಳೆಯುತ್ತಿತ್ತು. ಬೆರಳು ಹಾಕಿದೆ, ಜಾರಿತು. ಮೂಸಿದೆ. ಎಣ್ಣೆ.

ಪೆಟ್ಟಿಗೆ ಎತ್ತಿಕೊಂಡು ಉಸ್ತಾದರಲ್ಲಿಗೆ ಓಡಿದೆ. "ಉಸ್ತಾದ್, ಇದರಾಗ ಎಣ್ಣಿ ಹಚ್ಚೀರೇನ್ರಿ?"

ಅವರ ಮುಖ ಅರಳಿತು. "ಹೌದು ಮತ್ತ! ಆ ಸಲ ನೀ ಅರ್ಧಕ್ಕ ಕಸ್ಕೊಂಡು ಓಡಿದಿ. ಎಣ್ಣಿ ತಿಕ್ಕದ ಬಿದರಿ ನಮ್ಮ ಅಂಗಡಿ ದಾಟಿದ್ದೇ ಇಲ್ಲ. ಕೀಲ್ ಮಾಡಾಕ ಬಂತಲ್ಲ, ಆಖ್ರಿ ಕೆಲಸ ಮುಗಿಸಿ ಕೊಟ್ಟೆ."

"ಒಳಗ ಯಾರ್ ನೋಡ್ತಾರ್ರಿ ಅದನ್ನ?"

"ಯಾರೂ ನೋಡಲ್ಲ ಅಂತ ಒಳಗಿಂದು ಕಚ್ಚಾ ಬಿಡ್ಬೇಕೇನು? ಮ್ಯಾಲಿನಾಂವ ನೋಡ್ತಾನಲ್ಲೋ."

ನನಗೆ ಅಲ್ಲಿಯೇ ಕೂತು ಅಳಬೇಕು ಅನ್ನಿಸಿತು. ಅವರ ತಪ್ಪೇನಿತ್ತು? ಅವರ ಕೆಲಸದಲ್ಲಿ ಹೊಳಪೇ ಪೂರ್ಣತೆ, ನನ್ನ ಕೆಲಸದಲ್ಲಿ ಹೊಳಪೇ ಹಾಳು. ಹೊಳೆಯುವ ಗೋಡೆಗೆ ಬಡಿದ ಬೆಳಕು ಸೀಳಿನಿಂದ ಸೋರಿ, ಮಂಕಾಗಬೇಕಾದ ಅರ್ಧಚಂದ್ರವನ್ನು ಮಂಕಾಗಗೊಡದೆ ನಾಲ್ಕು ಗುರುತು ಮುಂದೆ ತಳ್ಳಿತ್ತು. ಉಪ್ಪಿನ ಗೆರೆ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಹಾಗಾಗಿ ನಾನು ನಂಬಿದೆ. ರಿಪೇರಿಯಾಗಿ ಬಂದ ಪೆಟ್ಟಿಗೆಯಲ್ಲಿ ಗೊತ್ತಿದ್ದ ಅರಿಶಿನವನ್ನು ಒಂದು ಸಲ, ಒಂದೇ ಒಂದು ಸಲ ಇಟ್ಟು ನೋಡಿದ್ದರೆ ಸಾಕಿತ್ತು. ಎಣ್ಣೆ ಏನು ಮಾಡಿತೆಂದು ವಿವರಿಸಿದಾಗ ಉಸ್ತಾದರ ಕೈಯಲ್ಲಿದ್ದ ಚಾಣ ಹಾಗೇ ನಿಂತಿತು.

ವಾಪಸು ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಒಂದ್ ಕೆಲಸ ಮಾಡೋಣು. ಉಪಕರಣ ಆ ಮಹಬೂಬ್‌ಸಾಬ್ ಕೆಡಿಸ್ಯಾನ ಅಂತ ಬರಿ. ನಮ್ಮ ತಪ್ಪು ಏನೂ ಉಳ್ಯಂಗಿಲ್ಲ," ಎಂದರು.

ಆ ದಿನಗಳಲ್ಲಿ ಬೀದರಿನಲ್ಲಿ ಒಬ್ಬ ಮಹಬೂಬ್‌ಸಾಬರ ಮೇಲೆ ಸರ್ಕಾರಿ ಕಾಗದದಲ್ಲಿ "ಕೆಡಿಸಿದ" ಎಂದು ಬರೆದರೆ ಏನಾಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ಆ ಗಲ್ಲಿಯಲ್ಲಿ ಇನ್ನೊಂದು ಬಾಗಿಲಿಗೆ ಬೀಗ ಬೀಳುತ್ತಿತ್ತು, ಅಷ್ಟೆ. ನನಗೂ ಒಂದು ಗಳಿಗೆ ಆಸೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಬರೆದುಬಿಟ್ಟರೆ ನನ್ನ ನೌಕರಿ ಉಳಿಯುತ್ತದೆ, ಸುಂದರಾಬಾಯಿಯ ಹೆಸರೂ ಚೊಕ್ಕ ಆಗುತ್ತದೆ. ಆದರೆ ಒಬ್ಬಳ ಮೇಲಿನ ಕಳಂಕವನ್ನು ತೆಗೆದು ಇನ್ನೊಬ್ಬರ ಮೈಗೆ ಒರೆಸಿದರೆ ಅದು ತೊಳೆದಂತೆ ಆಗುತ್ತದೆಯೇ?

"ಸಾಹೇಬ್ರ, ಉಸ್ತಾದ್ರು ತಮ್ಮ ಕೆಲಸ ಪೂರಾ ಮಾಡ್ಯಾರ್ರಿ. ನಾನೇ ನಂದು ಅರ್ಧಾ ಮಾಡೀನಿ," ಎಂದೆ. "ನಾ ಹಂಗ ಬರೀತೇನಿ. ನೌಕರಿ ಹೋದ್ರ ಕುರಿ ಅದಾವು."

ಸಾಹೇಬರು ಮೂರೂ ಭಾಷೆಯಲ್ಲಿ ಬೈದರು. ನಾನು ತಲೆ ತಗ್ಗಿಸಿ ನಿಂತೆ. ಬೈಗಳು ಮುಗಿದ ಮೇಲೆ ಅವರು ಹೊರಗಿನ ಖೋಲಿಗೆ ಹೋದರು. ಅಲ್ಲಿ ಸುಂದರಾಬಾಯಿ ಇನ್ನೂ ಗೋಡೆಗೆ ಆತು ಕೂತಿದ್ದಳು. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಸಾಹೇಬರು ಅವಳನ್ನು ನೋಡಿದರು. ತಾವೇ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಒಳಗೆ ಬಂದು, "ಬರಿ," ಎಂದರು. "ಕೆಳಗ ನಂದೂ ಸಹಿ ಇರ್ತದ. ನೋಡದ ಸಹಿ ಹಾಕಿದ್ದು ನನ್ನ ತಪ್ಪು." ಅವತ್ತಿನಿಂದ ಅವರ ಬೈಗಳು ನನಗೆ ನೋಯಲಿಲ್ಲ.

ಉಸ್ತಾದರು ಡಬ್ಬಿಯನ್ನು ಬಿಸಿ ಬೂದಿನೀರಿನಲ್ಲಿ ತಿಕ್ಕಿ ತೊಳೆದರು. ಎಣ್ಣೆಯ ಜೊತೆ ಕಪ್ಪೂ ಅಲ್ಲಲ್ಲಿ ಹೋಯಿತು. ಮತ್ತೆ ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದರು, ಮತ್ತೆ ಕುದಿಸಿದರು, ಮತ್ತೆ ಅದ್ದಿದರು. ಒಣಗಿಸಿ ನನ್ನ ಕೈಗೆ ಕೊಡುವಾಗ ಮುಖ ಆಚೆ ತಿರುಗಿಸಿಕೊಂಡರು. "ತಗೊಂಡು ಹೋಗು. ಇಂಥಾ ಬೋಳು ಸಾಮಾನು ನನ್ನ ಕಣ್ಣಿಗೆ ನೋಡೂಕಾಗಲ್ಲ," ಎಂದರು. ಹೊರಗಡೆ ಮಾತ್ರ ಎಣ್ಣೆ ತಿಕ್ಕಿದ್ದರು. ಮುಚ್ಚಳದ ಮೇಲೆ, ನಾನು ಬೇಡ ಎಂದಿದ್ದ ಹೂವನ್ನು, ಬೆಳ್ಳಿಯಲ್ಲಿ ಒಂದೇ ಒಂದು ಕೂರಿಸಿದ್ದರು. ಅವ್ವನ ಅರಿಶಿನ ಇಟ್ಟೆ. ಮೂವತ್ತೊಂದು.

ಸಂತೆಯ ದಿನ ಸಾಹೇಬರೂ ನಾನೂ ಭಾಲ್ಕಿಗೆ ಹೋದೆವು. ಮೊದಲು ಸಾಲೆಯ ಅಡುಗೆ ಮನೆಗೆ ಹೋಗಿ ಭಾಂಡಿ ನೋಡಿದೆವು. ಸುಂದರಾಬಾಯಿ ಹೇಳಿದ್ದು ಅಕ್ಷರಶಃ ನಿಜ. ಕಲಾಯಿ ಹೋಗಿ ಹಿತ್ತಾಳೆ ಹಲ್ಲು ಕಿರಿಯುತ್ತಿತ್ತು, ಅಂಚಿಗೆ ಹಸಿರು ಕಿಲುಬು; ಹುಣಸೆ ಹುಳಿಯಲ್ಲಿ ಅದೇ ಕರಗಿ ಮಕ್ಕಳ ಹೊಟ್ಟೆ ಸೇರಿತ್ತು. ಅವತ್ತೇ ಕಲಾಯಿಯವನನ್ನು ಕರೆಸಿದರು. ಮಕ್ಕಳು ಆಗಲೇ ಚೇತರಿಸಿಕೊಂಡು ಅಂಗಳದಲ್ಲಿ ಗದ್ದಲ ಹಾಕುತ್ತಿದ್ದವು.

ಬಜಾರಿನಲ್ಲಿ ಅದೇ ಹಲಗೆಯವನನ್ನು ಕರೆದು, ಅದೇ ಕಟ್ಟೆಯ ಮೇಲೆ ನಿಲ್ಲಿಸಿ, ಡಂಗುರ ಸಾರಿಸಿದೆವು. ಹಲಗೆ ನಿಂತ ಮೇಲೆ ಸಾಹೇಬರು ತಾವೇ ಮುಂದೆ ಬಂದು ಹೇಳಿದರು: "ಹೋದ ವಾರ ನಾವು ಹೇಳಿದ್ದು ತಪ್ಪು. ಈ ಸುಂದರಾಬಾಯಿಯ ಬ್ಯಾಳ್ಯಾಗ ಇರೂದು ಮನಿ ಅರಿಷಿಣ. ತಪ್ಪು ನಮ್ಮ ಕಚೇರಿದು." ಸರ್ಕಾರಿ ಮನುಷ್ಯ ಬಜಾರಿನಲ್ಲಿ ನಿಂತು ತಪ್ಪಾಯಿತು ಅನ್ನುವುದನ್ನು ಭಾಲ್ಕಿಯವರು ಹಳೆಯ ರಾಜ್ಯದಲ್ಲಿಯೂ ಕೇಳಿರಲಿಲ್ಲ, ಹೊಸದರಲ್ಲಿಯೂ ಕೇಳಿರಲಿಲ್ಲ. ಒಬ್ಬ ಮುದುಕ ಪಕ್ಕದವನನ್ನು, "ಏನಂದ್ರು, ಇನ್ನೊಮ್ಮಿ ಹೇಳು," ಎಂದು ಕೇಳುತ್ತಿದ್ದ.

ಸುಂದರಾಬಾಯಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಬಾಯಿ ಮಾತ ಸಾಕಾಗಂಗಿಲ್ಲ. ಡಬ್ಬಿ ಹಚ್ರಿ," ಎಂದಳು. ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟೆ. ಕೇಳುವ ಮೊದಲೇ ಅವ್ವನ ಬಾಟಲಿ ತೆಗೆದು, "ಇದು ನಮ್ಮವ್ವ ಕುಟ್ಟಿದ ಅರಿಷಿಣ," ಎಂದು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಖಾಲಿ ತಕ್ಕಡಿ ಎತ್ತುವಂತೆಯೇ ಎತ್ತಿದೆ. ಸುಂದರಾಬಾಯಿ ಕಂಬಳಿಯೊಳಗೆ ಹೊಕ್ಕಳು. ನಾನು ಕೆಂಪಿನ ಕಡೆಯಿಂದ ತಿರುಪು ತಿರುಗಿಸುತ್ತ ಬಂದೆ. "ಈಗ ಮಂಕಾತು," ಎಂದಳು ಒಳಗಿನಿಂದ. ಸಾಹೇಬರು ಗುರುತು ಓದಿದರು: ಮೂವತ್ತೊಂದು. ಅವಳ ಬೇಳೆ ತೊಳೆದ ಹಳದಿ ಇಟ್ಟೆ. "ಈಗ," ಎಂದಳು. ಮೂವತ್ತೊಂದು.

ಕಂಬಳಿ ಸರಿಸಿ ಅವಳು ಹೊರಗೆ ಬಂದಾಗ ಕಣ್ಣಲ್ಲಿ ನೀರಿತ್ತು. ಹಿಂದಿನಿಂದ ಅವಳ ಆರು ಜನ ಗೆಳತಿಯರು ಬಂದು ಸುತ್ತುವರಿದರು. ನಾನು ಕೈ ಮುಗಿದೆ. ಬೈದರೆ ಬೈಯಲಿ ಎಂದು ನಿಂತೆ.

ಅವಳು ನನ್ನ ಕೈಯಲ್ಲಿದ್ದ ಅರಿಶಿನದ ಬಾಟಲಿಯನ್ನು ನೋಡಿ, "ತಮ್ಮಾ, ನಿಮ್ಮವ್ವನ ಹೆಸರೂ ಉಳೀತು ನೋಡು," ಎಂದಳು.

ಮುಂದೆ ಬಹಳ ಯಂತ್ರಗಳು ಬಂದವು, ನಾನೂ ಬಹಳ ಊರು ಸುತ್ತಿದೆ. ಉಸ್ತಾದರ ಪೆಟ್ಟಿಗೆ ಈಗ ನನ್ನ ಮನೆಯ ಗೂಡಿನಲ್ಲಿದೆ. ಒಳಗಿನ ಕಪ್ಪು ಇವತ್ತಿಗೂ ಒಂದಿಷ್ಟೂ ಹೊಳೆಯುವುದಿಲ್ಲ. ಯಾವ ಯಂತ್ರದ ಮುಂದೆ ಕೂತರೂ ಪರೀಕ್ಷೆಗೆ ಬಂದ ಬಾಟಲಿಗಿಂತ ಮೊದಲು ಗೊತ್ತಿದ್ದ ಬಾಟಲಿ ಇಡದೆ ನಾನು ಒಂದು ದಿನವೂ ಕೆಲಸ ಶುರು ಮಾಡಲಿಲ್ಲ. ಅವ್ವ ಹೋದ ಮೇಲೆ ತಂಗಿ ಅರಿಶಿನ ಕುಟ್ಟಿ ಕಳಿಸಿದಳು, ಈಗ ಅವಳ ಸೊಸೆ ಕಳಿಸುತ್ತಾಳೆ. ಈ ಬರಹದ ಜೊತೆ ಒಂದು ಬಾಟಲಿಯನ್ನೂ ಕಳಿಸುತ್ತಿದ್ದೇನೆ, ರೇಣುಕಾ. ನಿನ್ನ ಹೊಸ ಯಂತ್ರದ ಪಕ್ಕ ಇಟ್ಟುಕೋ. ಅದು ಎಳೆಯುವ ಗೆರೆ ಎಷ್ಟೇ ಚೆಂದ ಇರಲಿ, ಯಾರ ಮೇಲಾದರೂ ಅದನ್ನು ಹೊರಿಸುವ ಮುಂಚೆ, ಮೊದಲು ಅವ್ವನ ಅರಿಶಿನ.